ಕಂತಿ ಅಂದರೆ ಕಾಂತಿಯಲ್ಲ

ಮೊನ್ನೆ ಒಂದು ಆಮಂತ್ರಣ ಪತ್ರಿಕೆಯಲ್ಲಿ ಹೊಯ್ಸಳರ ಕಾಲದ ಕವಯಿತ್ರಿ ಕಂತಿಯವರ ಹೆಸರು 'ಕವಯಿತ್ರಿ ಕಾಂತಿ' ಎಂದಿತ್ತು. ಅಚ್ಚಿನ ತಪ್ಪಿರಬೇಕು ಎಂದು ಸುಮ್ಮನಾದೆ. ಭಾಷಣಕಾರರೂ ಎದ್ದು ನಿಂತು 'ಹೆಸರಿಗೆ ತಕ್ಕಂತೆ ಕಾಂತಿ ಬೀರಿದವಳು' ಎಂದಾಗ ಕೂತಲ್ಲೇ ಹಲ್ಲು ಕಡಿದೆ.

ಕಂತಿ ಎಂದರೆ ಜೈನ ಸನ್ಯಾಸಿನಿ. ಇವತ್ತು ಆರ್ಯಿಕೆ, ಮಾತಾಜಿ ಅನ್ನುತ್ತೇವಲ್ಲ, ಅವರೇ. ಪದದ ಮೂಲ ಸಂಸ್ಕೃತದ ಕ್ಷಾಂತಿ ಎನ್ನುತ್ತಾರೆ, ಅಂದರೆ ತಾಳ್ಮೆ. ಪ್ರಾಕೃತದಲ್ಲಿ ಅದು ಖಂತಿ, ಕನ್ನಡದ ಬಾಯಲ್ಲಿ ಕಂತಿ. ಹೊಳಪಿಗೂ ಇದಕ್ಕೂ ಸಂಬಂಧವೇ ಇಲ್ಲ. ತಲೆಗೂದಲನ್ನು ಕೈಯಿಂದಲೇ ಕಿತ್ತುಕೊಂಡು, ಬಿಳಿ ಸೀರೆ ಉಟ್ಟು, ದಿನಕ್ಕೆ ಒಂದೇ ಹೊತ್ತು ಉಣ್ಣುವವರಿಗೆ ತಾಳ್ಮೆಯ ಹೆಸರೇ ಸರಿ, ಅಲ್ವಾ? ಕಡೂರಿನ 971ರ ಶಾಸನದ ಪಾಂಬಬ್ಬೆ ಗಂಗರ ಅರಮನೆಯ ಹೆಣ್ಣುಮಗಳು. ಹೀಗೆ ತಲೆ ಬೋಳಾಗಿಸಿಕೊಂಡು 30 ವರ್ಷ ತಪಸ್ಸು ಮಾಡಿದರು.

ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ 'ನಾಗಮತಿಗಂತಿಯರ್' ಎಂದು ಕೊರೆದಿದೆ. ಈ ಗಂತಿ ಬೇರೆ ಪದ ಎಂದು ವಾದಿಸುವವರನ್ನೂ ನೋಡಿದ್ದೇನೆ. ಮಳೆಕಾಲ ಮಳೆಗಾಲ ಆಗುತ್ತದಲ್ಲ, ಅದೇ ಆದೇಶ ಸಂಧಿ ಇದು. ಶಾಲೆಯಲ್ಲಿ ಉರು ಹೊಡೆದದ್ದು ಕಲ್ಲಿನ ಮುಂದೆ ನಿಂತಾಗ ಮರೆತೇ ಹೋಗುತ್ತದೆ! ಕೊನೆಯ 'ಯರ್' ನೋಡಿ ಹಲವು ಸನ್ಯಾಸಿನಿಯರು ಎಂದು ಅರ್ಥ ಮಾಡುವುದು ಇನ್ನೊಂದು ಎಡವಟ್ಟು. ಅದು ಗೌರವದ ಬಹುವಚನ, 'ಅತ್ತೆಯವರು ಬಂದರು' ಅಂದ ಹಾಗೆ. 'ಮೂಱು ತಿಂಗಳ್ ನೋಂತು ಮುಡಿಪ್ಪಿದರ್' ಎಂದು ಆ ಶಾಸನ ಮುಗಿಯುತ್ತದೆ. ಮೂರು ತಿಂಗಳು ವ್ರತ ಹಿಡಿದು ಪ್ರಾಣ ಬಿಟ್ಟವರು ಒಬ್ಬರೇ.

ಇನ್ನು ಆ ಕವಯಿತ್ರಿ. ಅಭಿನವ ಪಂಪ ಎನಿಸಿಕೊಂಡ ಕವಿ ನಾಗಚಂದ್ರ ಅರ್ಧ ಪದ್ಯ ಹೇಳಿದರೆ ಉಳಿದರ್ಧ ತುಂಬುತ್ತಿದ್ದರಂತೆ. ಅವನನ್ನು ಹೊಗಳಲು ಮಾತ್ರ ಒಪ್ಪಲಿಲ್ಲ. ಕೊನೆಗೆ ಅವನು ಸತ್ತಂತೆ ನಟಿಸಿದ. ಅವರು ಅತ್ತು ಹೊಗಳಿದ ಕೂಡಲೇ ಎದ್ದು ಕೂತ. ಹೊಯ್ಸಳರ ಕಾಲದ ಈ ಕಥೆ ನಮಗೆ ಸಿಗುವುದು ದೇವಚಂದ್ರ 1838ರಲ್ಲಿ ಬರೆದ 'ರಾಜಾವಳಿ ಕಥೆ'ಯಲ್ಲಿ. ಹಾಗಾಗಿ ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಅವರ ಸ್ವಂತ ಹೆಸರು ಬೇರೆ ಇದ್ದಿರಬೇಕು, ಕಂತಿ ಅವರ ದೀಕ್ಷೆಯ ಗುರುತು. 'ಕಂತಿ ಬಂದಳು, ಪದ್ಯ ಹೇಳಿದಳು' ಎಂದು ಬರೆಯುವವರು 'ಸ್ವಾಮೀಜಿ ಬಂದ, ಆಶೀರ್ವಚನ ಕೊಟ್ಟ' ಎಂದೂ ಬರೆಯುತ್ತಾರಾ?