ಪಕ್ಕದ ಹೊಲದವರಿಗೆ ಪಿಎಂ ಕಿಸಾನ್ ಹಣ ಬಂತು, ನನಗೇಕೆ ಬರಲಿಲ್ಲ?

ಪ್ರಶ್ನೆ: ಎರಡು ಕಂತಿನಿಂದ ಪಿಎಂ ಕಿಸಾನ್ ಹಣ ಬಂದಿಲ್ಲ. ಪಹಣಿ ನನ್ನ ಹೆಸರಿನಲ್ಲೇ ಇದೆ, ಪಾಸ್‌ಬುಕ್ ನಕಲೂ ಕೊಟ್ಟಿದ್ದೆ. ಎಲ್ಲಿ ವಿಚಾರಿಸಬೇಕು?

ಉತ್ತರ: ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯುವ ಮೊದಲು ಹಣ ಎಲ್ಲಿ ನಿಂತಿದೆ ಎಂದು ತಿಳಿದುಕೊಳ್ಳಿ. ಪಿಎಂ ಕಿಸಾನ್ ಜಾಲತಾಣದಲ್ಲಿ ‘ನೋ ಯುವರ್ ಸ್ಟೇಟಸ್’ ಒತ್ತಿ, ನೋಂದಣಿ ಸಂಖ್ಯೆ ಮತ್ತು ಮೊಬೈಲ್‌ಗೆ ಬಂದ ಒಟಿಪಿ ಹಾಕಿ. ಅಲ್ಲಿ ಲ್ಯಾಂಡ್ ಸೀಡಿಂಗ್ (ಜಮೀನಿನ ದಾಖಲೆ ಜೋಡಣೆ), ಇ-ಕೆವೈಸಿ (ಆಧಾರ್ ಮೂಲಕ ಗುರುತಿನ ದೃಢೀಕರಣ), ಆಧಾರ್ ಬ್ಯಾಂಕ್ ಸೀಡಿಂಗ್ (ಆಧಾರ್‌ಗೆ ಬ್ಯಾಂಕ್ ಖಾತೆ ಜೋಡಣೆ) ಎಂಬ ಮೂರು ಸಾಲು ಕಾಣುತ್ತವೆ. ಯಾವುದರ ಮುಂದೆ ‘ನೋ’ ಎಂದಿದೆಯೋ ಅಲ್ಲೇ ತೊಡಕು.

ಹೆಚ್ಚಿನವರು ಎಡವುವುದು ಬ್ಯಾಂಕಿನ ಸಾಲಿನಲ್ಲಿ. ಹಣ ಬರುವುದು ನೀವು ಕೊಟ್ಟ ಪಾಸ್‌ಬುಕ್ಕಿನ ಖಾತೆ ಸಂಖ್ಯೆ ನೋಡಿಕೊಂಡಲ್ಲ, ಆಧಾರ್ ನೋಡಿಕೊಂಡು. ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕು ಜೋಡಣೆಯಾಗಿರುತ್ತದೆ, ಅದೂ ಕೊನೆಯದಾಗಿ ಜೋಡಿಸಿದ ಬ್ಯಾಂಕು. ಸಾಲಕ್ಕೆಂದು ಡಿಸಿಸಿ ಬ್ಯಾಂಕಿನಲ್ಲಿ ಖಾತೆ ತೆರೆದಿರಬಹುದು, ಪೋಸ್ಟ್‌ಮ್ಯಾನ್ ಮನೆಗೇ ಬಂದು ಹೆಬ್ಬೆಟ್ಟು ಒತ್ತಿಸಿಕೊಂಡು ಅಂಚೆ ಪೇಮೆಂಟ್ಸ್ ಬ್ಯಾಂಕ್ ಖಾತೆ ಮಾಡಿಸಿರಬಹುದು. ನೀವು ಹಳೇ ಪಾಸ್‌ಬುಕ್ ಎಂಟ್ರಿ ಹಾಕಿಸುತ್ತಿದ್ದರೆ ಹಣ ಆ ಹೊಸ ಖಾತೆಯಲ್ಲಿ ಕೂತಿರುತ್ತದೆ.

ಇದನ್ನು ಆಧಾರ್ ಜಾಲತಾಣದ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ನಲ್ಲಿ ನೋಡಬಹುದು. ಬ್ಯಾಂಕಿನ ಹೆಸರು ಬರುತ್ತದೆ, ಪಕ್ಕದಲ್ಲಿ ‘ಆ್ಯಕ್ಟಿವ್’ ಎಂದಿರಬೇಕು. ಕೌಂಟರಿನಲ್ಲಿ ‘ಆಧಾರ್ ಲಿಂಕ್ ಆಗಿದೆ’ ಎಂದರೆ ಅಷ್ಟಕ್ಕೇ ಎದ್ದು ಬರಬೇಡಿ. ಕೆವೈಸಿಗೆ ಲಿಂಕ್ ಆಗುವುದೇ ಬೇರೆ, ಸರ್ಕಾರದ ಹಣಕ್ಕೆ ಎನ್‌ಪಿಸಿಐಯಲ್ಲಿ ಜೋಡಿಸುವುದೇ ಬೇರೆ. ‘ಡಿಬಿಟಿಗೆ (ಸರ್ಕಾರದ ಹಣ ನೇರವಾಗಿ ಖಾತೆಗೆ ಬರುವುದಕ್ಕೆ) ಆಧಾರ್ ಸೀಡಿಂಗ್ ಮಾಡಿ’ ಎಂದು ಬಾಯಿಬಿಟ್ಟು ಕೇಳಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಕೆಲವು ದಿನ ಬಿಟ್ಟು ಮತ್ತೆ ನೋಡಿ. ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗಿರುತ್ತದೆ, ಅದಕ್ಕೆ ಮೊದಲು ಕೆವೈಸಿ ಕೊಟ್ಟು ಜೀವ ತುಂಬಿಸಬೇಕು.

ಜಮೀನಿನ ಸಾಲಿನಲ್ಲಿ ‘ನೋ’ ಇದ್ದರೆ ಪಹಣಿ, ಆಧಾರ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ರಾಜ್ಯದ ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ನಿಮ್ಮ ಎಫ್‌ಐಡಿಯಲ್ಲಿ (ರೈತರ ಗುರುತಿನ ಸಂಖ್ಯೆ) ಎಲ್ಲ ಸರ್ವೆ ನಂಬರುಗಳೂ ಸೇರಿವೆಯೇ ಎಂದು ಪರದೆಯಲ್ಲೇ ತೋರಿಸಲು ಹೇಳಿ. ಪೋಡಿ (ಜಮೀನಿನ ಭಾಗಗಳ ವಿಂಗಡಣೆ) ಆದ ಮೇಲೆ ಹಿಸ್ಸಾ ನಂಬರು ಬದಲಾಗುತ್ತದೆ, ಎಫ್‌ಐಡಿಯಲ್ಲಿ ಹಳೆಯದೇ ಉಳಿದಿರಬಹುದು. ಪಹಣಿಯಲ್ಲಿ ‘ಬಸಪ್ಪ’, ಆಧಾರ್‌ನಲ್ಲಿ ‘ಬಸವರಾಜಪ್ಪ’ ಎಂದಿದ್ದರೂ ತೊಂದರೆ. ಪಹಣಿಯ 9ನೇ ಕಾಲಂನಲ್ಲಿ ತೀರಿಹೋದ ಅಪ್ಪನ ಹೆಸರೇ ಇದ್ದರೆ ಮರಣ ಪ್ರಮಾಣ ಪತ್ರ, ವಂಶವೃಕ್ಷ ಕೊಟ್ಟು ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸದೆ ದಾರಿಯಿಲ್ಲ. ಇದನ್ನು ಮುಂದೂಡುತ್ತಾ ಹೋದ ಮನೆಗಳಲ್ಲಿ ಅಣ್ಣತಮ್ಮಂದಿರ ಮಕ್ಕಳ ಕಾಲಕ್ಕೆ ಸಹಿ ಹಾಕಬೇಕಾದವರೇ ಹತ್ತಾರು ಜನ ಆಗಿರುತ್ತಾರೆ.

ಇ-ಕೆವೈಸಿ ಸುಲಭ. ಆಧಾರ್‌ಗೆ ಮೊಬೈಲ್ ಜೋಡಣೆಯಾಗಿದ್ದರೆ ಒಟಿಪಿಯಲ್ಲಿ ಮುಗಿಯುತ್ತದೆ. ಕೆಲಸ ಮಾಡಿ ಬೆರಳ ಗೆರೆ ಸವೆದ ಹಿರಿಯರಿಗೆ ಯಂತ್ರ ಒಪ್ಪದಿದ್ದರೆ ಪಿಎಂ ಕಿಸಾನ್ ಆ್ಯಪ್‌ನಲ್ಲಿ ಮುಖ ತೋರಿಸಿಯೂ ಮಾಡಬಹುದು. ಆ್ಯಪ್ ಅನ್ನು ಪ್ಲೇ ಸ್ಟೋರ್‌ನಿಂದಲೇ ಹಾಕಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲ್ ಮುಟ್ಟಬೇಡಿ, ಖಾತೆ ಖಾಲಿಯಾಗುತ್ತದೆ.

ಮೂರೂ ‘ಯೆಸ್’ ಇದ್ದೂ ಹಣ ಬರದಿದ್ದರೆ ಅರ್ಹತೆಯ ಪ್ರಶ್ನೆ ಇರಬಹುದು. 2019ರ ಫೆಬ್ರುವರಿ 1ರ ನಂತರ ಕ್ರಯಕ್ಕೆ ಪಡೆದ ಜಮೀನಿಗೆ ಈ ಹಣವಿಲ್ಲ. ಮಾಲೀಕರು ತೀರಿಕೊಂಡು ವಾರಸುದಾರರಿಗೆ ಬಂದಿದ್ದಕ್ಕೆ ಉಂಟು. ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಸೇರಿ ಒಂದೇ ಕುಟುಂಬ, ಅವರಲ್ಲಿ ಒಬ್ಬರಿಗೆ ಮಾತ್ರ ವರ್ಷಕ್ಕೆ 6,000 ರೂಪಾಯಿ. ಹಿಂದಿನ ವರ್ಷ ಆದಾಯ ತೆರಿಗೆ ಕಟ್ಟಿದ್ದರೆ ಬರುವುದಿಲ್ಲ.

ಅರ್ಹರಾಗಿದ್ದು ದಾಖಲೆ ತೊಡಕಿನಿಂದಷ್ಟೇ ನಿಂತಿದ್ದರೆ, ಸರಿಪಡಿಸಿದ ಮೇಲೆ ಬಾಕಿ ಕಂತುಗಳೂ ಬರುತ್ತವೆ. ಸಹಾಯವಾಣಿ 155261. ಬೆಳೆ ಹಾನಿ ಪರಿಹಾರ ಬರುವುದೂ ಇದೇ ಎಫ್‌ಐಡಿ, ಇದೇ ಆಧಾರ್ ಜೋಡಣೆಯ ಮೇಲೆ. ಹಾಗಾಗಿ ಮುಂಗಾರಿಗೆ ಮೊದಲೇ ಈ ಎರಡನ್ನು ಸರಿಮಾಡಿಸಿಕೊಳ್ಳಿ.