ಎಲ್ಲ ವಿಷಯದ ಮೇಷ್ಟ್ರೂ ಬರವಣಿಗೆ ಕಲಿಸಿದ ಹೈಸ್ಕೂಲು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬ್ರಾಕ್ಟನ್ ಹೈಸ್ಕೂಲಿನಲ್ಲಿ ಆಗ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳಿದ್ದರು, ಬಹುಪಾಲು ಬಡ ಮನೆಗಳವರು. 1998ರಲ್ಲಿ ರಾಜ್ಯಮಟ್ಟದ ಹೊಸ ಪರೀಕ್ಷೆ ಬಂದಾಗ ಇಂಗ್ಲಿಷಿನಲ್ಲಿ ಶೇ 44, ಗಣಿತದಲ್ಲಿ ಶೇ 75ರಷ್ಟು ಮಕ್ಕಳು ಫೇಲಾದರು. ಶಾಲೆಯನ್ನು ಮೇಲೆತ್ತುವ ಹೊಣೆ ಹೊತ್ತದ್ದು ಬೇರೆ ಬೇರೆ ವಿಭಾಗಗಳ ಶಿಕ್ಷಕರೇ ಸೇರಿದ್ದ ಒಂದು ಸಮಿತಿ. ಇತಿಹಾಸ ಕಲಿಸುತ್ತಿದ್ದ, ಮುಂದೆ ಪ್ರಿನ್ಸಿಪಾಲರಾದ ಸೂಸನ್ ಝಾಕೊವಿಟ್ಸ್ ಅದರ ಮುಂಚೂಣಿಯಲ್ಲಿದ್ದರು.

ಸಮಿತಿ ಹತ್ತಾರು ಯೋಜನೆ ಹಾಕಲಿಲ್ಲ. ಓದು, ಬರಹ, ಮಾತು, ತರ್ಕ ಈ ನಾಲ್ಕನ್ನು ಪ್ರತಿ ವಿಷಯದಲ್ಲೂ ಕಲಿಸಬೇಕೆಂದು ತೀರ್ಮಾನಿಸಿತು. ಮೊದಲು ಹಿಡಿದದ್ದು ಬರವಣಿಗೆಯನ್ನು. ಪ್ರಶ್ನೆಯನ್ನು ಗಮನವಿಟ್ಟು ಓದುವುದು, ಮುಖ್ಯ ಪದಗಳನ್ನು ಗುರುತಿಸುವುದು, ಉತ್ತರದ ನಕ್ಷೆ ಹಾಕಿಕೊಂಡು ಬರೆಯುವುದು, ಇದನ್ನು ವಿಜ್ಞಾನ, ಗಣಿತದವರಷ್ಟೇ ಅಲ್ಲ, ದೈಹಿಕ ಶಿಕ್ಷಕರೂ ಕಲಿಸಿದರು. ಯಾವ ವಿಭಾಗ ಯಾವ ವಾರ ಕಲಿಸಬೇಕೆಂಬ ವೇಳಾಪಟ್ಟಿ ಇತ್ತು, ಮೌಲ್ಯಮಾಪನಕ್ಕೆ ಎಲ್ಲರಿಗೂ ಒಂದೇ ಮಾನದಂಡ. ಮಕ್ಕಳು ಬರೆದ ಹಾಳೆಗಳನ್ನು ವಿಭಾಗದ ಮುಖ್ಯಸ್ಥರು ತರಿಸಿಕೊಂಡು ನೋಡುತ್ತಿದ್ದರು. ನನ್ನ ಪ್ರಕಾರ ಇಡೀ ಪ್ರಯತ್ನದ ಜೀವಾಳವೇ ಈ ಹಾಳೆ ನೋಡುವ ಕೆಲಸ. ಅದಿಲ್ಲದಿದ್ದರೆ ಸಮಿತಿಯ ತೀರ್ಮಾನ ನಡಾವಳಿ ಪುಸ್ತಕದಲ್ಲೇ ಉಳಿಯುತ್ತಿತ್ತು. ಕೆಲವೇ ವರ್ಷಗಳಲ್ಲಿ ಫೇಲಾಗುವವರ ಪ್ರಮಾಣ ಗಣನೀಯವಾಗಿ ಇಳಿಯಿತು.

ನಮ್ಮ ಪ್ರೌಢಶಾಲೆಗಳಲ್ಲಿ ಜವಾಬ್ದಾರಿ ಹಂಚಿಕೆಗೇನೂ ಕೊರತೆಯಿಲ್ಲ. ಬಿಸಿಯೂಟ ಒಬ್ಬರಿಗೆ, ಸ್ಕೌಟ್ಸ್ ಇನ್ನೊಬ್ಬರಿಗೆ, ಆನ್‌ಲೈನ್ ದಾಖಲೆ ಮತ್ತೊಬ್ಬರಿಗೆ. ಕಲಿಸುವ ಬಗೆಯ ತೀರ್ಮಾನ ಮಾತ್ರ ಹಂಚಿಕೆಯಾಗುವುದಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿದರೆ ಮುಖ್ಯ ಶಿಕ್ಷಕರಿಗೆ ನೋಟಿಸು, ಮಕ್ಕಳಿಗೆ ಬೆಳಗ್ಗೆ ಸಂಜೆ ವಿಶೇಷ ತರಗತಿ. ಎಷ್ಟೋ ಕಡೆ ಪ್ರಭಾರದಲ್ಲಿರುವ ಸಹಶಿಕ್ಷಕರೇ ತಮ್ಮ ಪೂರ್ತಿ ಪೀರಿಯಡ್‌ಗಳ ಜೊತೆಗೆ ಶಾಲೆಯನ್ನೂ ಹೊತ್ತಿರುತ್ತಾರೆ. ಅವರೊಬ್ಬರ ಮೇಲೆ ಎಲ್ಲವನ್ನೂ ಹೇರುವುದು ಅನ್ಯಾಯ.

ಹತ್ತನೇ ತರಗತಿಯ ಸಮಾಜ ವಿಜ್ಞಾನದ ಉತ್ತರ ಪತ್ರಿಕೆ ತೆಗೆದು ನೋಡಿ. ‘ಕಾರಣ ಕೊಡಿ’ ಎಂದು ಕೇಳಿದರೆ ಮಗು ಪಾಠದ ಮೊದಲ ಪ್ಯಾರಾವನ್ನೇ ಇಳಿಸಿರುತ್ತದೆ. ವಿಷಯ ಗೊತ್ತಿದೆ, ಪ್ರಶ್ನೆ ಕೇಳುತ್ತಿರುವುದೇನೆಂದು ತಿಳಿದಿಲ್ಲ. ವಿಜ್ಞಾನದ ಪತ್ರಿಕೆಯಲ್ಲೂ ಅದೇ ಕಥೆ. ಇದು ಒಬ್ಬ ಶಿಕ್ಷಕರಿಂದ ಸರಿಹೋಗುವ ತೊಂದರೆಯಲ್ಲ.

ಆದ್ದರಿಂದ ನಾನು ಶಾಲೆಗಳಿಗೆ ಹೇಳುವುದಿಷ್ಟೆ: ತಿಂಗಳ ಸಿಬ್ಬಂದಿ ಸಭೆಯಲ್ಲಿ ಸುತ್ತೋಲೆ ಓದುವುದನ್ನು ಬಿಡಿ, ಅದನ್ನು ವಾಟ್ಸ್ಆ್ಯಪ್‌ನಲ್ಲಿ ಹಾಕಿದರೆ ಸಾಕು. ಒಂದೇ ಮಗುವಿನ ಎಲ್ಲ ವಿಷಯಗಳ ಉತ್ತರ ಪತ್ರಿಕೆಗಳನ್ನು ಮೇಜಿನ ಮೇಲೆ ಹರಡಿ, ಎಲ್ಲರೂ ಓದಿ. ಎಲ್ಲ ವಿಷಯಗಳಲ್ಲೂ ಕಾಣುವ ಒಂದು ಕೊರತೆಯನ್ನು ಆರಿಸಿಕೊಂಡು ಮುಂದಿನ ತಿಂಗಳು ಎಲ್ಲರೂ ಅದನ್ನೇ ಕಲಿಸಿ. ಸಭೆಯನ್ನು ಮುಖ್ಯ ಶಿಕ್ಷಕರ ಬದಲು ಸಹಶಿಕ್ಷಕರೊಬ್ಬರು ನಡೆಸಲಿ, ಹಿರಿತನ ನೋಡುವುದು ಬೇಡ.