ಏರ್ ಇನ್‌ಟೇಕ್ ಹಾಕಿಸುವ ಮುಂಚೆ ಹಳೆ ಡಬ್ಬಿಯ ಮೂತಿ ನೋಡಿ

ಎಸ್‌ಯುವಿಗೆ ಹೊರಗಡೆ ಮಾರುವ ಏರ್ ಇನ್‌ಟೇಕ್ ಕಿಟ್ (ಎಂಜಿನ್‌ಗೆ ಗಾಳಿ ತರುವ ಪೈಪ್ ಮತ್ತು ಫಿಲ್ಟರ್) ತಂದವರು ಮೊದಲು ಕೇಳುವುದು ಒಂದೇ. "ಪಿಕಪ್ ಎಷ್ಟು ಜಾಸ್ತಿ ಆಗುತ್ತೆ?" ನಾನು ಬಾನೆಟ್ ಎತ್ತಿ, ಗಾಡಿಯ ಜೊತೆಗೇ ಬಂದ ಕಪ್ಪು ಫಿಲ್ಟರ್ ಡಬ್ಬಿ ತೋರಿಸುತ್ತೇನೆ. ಅದರ ಮೂತಿ ಸಾಮಾನ್ಯವಾಗಿ ಗ್ರಿಲ್ ಹಿಂದೆಯೋ ಫೆಂಡರ್ ಒಳಗೋ ಇರುತ್ತದೆ. ಅಂದರೆ ಅದು ಈಗಾಗಲೇ ಹೊರಗಿನ ತಣ್ಣನೆ ಗಾಳಿಯನ್ನೇ ಎಳೆಯುತ್ತಿದೆ, ಅಲ್ವಾ?

ಅದನ್ನು ಕಿತ್ತು ಎಂಜಿನ್ ಪಕ್ಕದಲ್ಲಿ ತೆರೆದ ಕೋನ್ ಫಿಲ್ಟರ್ ಕೂರಿಸಿದರೆ, ಎಂಜಿನ್ ತನ್ನ ಬಿಸಿಯನ್ನೇ ತಾನು ಉಸಿರಾಡುತ್ತದೆ. ಗಾಳಿ 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದರ ಸಾಂದ್ರತೆ ಸುಮಾರು 3% ಇಳಿಯುತ್ತದೆ, ಅಂದರೆ ಪಿಕಪ್ ಏರುವ ಬದಲು ಇಳಿಯುತ್ತದೆ. ಸದ್ದು ಮಾತ್ರ ಜೋರಾಗುತ್ತದೆ. ಸದ್ದನ್ನೇ ಪಿಕಪ್ ಅಂದುಕೊಂಡು ಖುಷಿಪಡುವವರೂ ಇದ್ದಾರೆ. ಹಾಕಿಸಲೇಬೇಕು ಅಂದರೆ ಫಿಲ್ಟರ್ ಸುತ್ತ ಬಿಸಿ ತಡೆಯುವ ಗೋಡೆ ಇರುವ, ಬಾನೆಟ್‌ಗೆ ರಬ್ಬರ್ ಅಂಚು ತಾಗಿ ಮುಚ್ಚಿಕೊಳ್ಳುವ ಕಿಟ್ ತನ್ನಿ.

ಕೆಲವು ಕಿಟ್‌ಗಳಲ್ಲಿ ಫಿಲ್ಟರ್ ಬಂಪರ್ ಒಳಗೆ ತಗ್ಗಿನಲ್ಲಿರುತ್ತದೆ. ತಣ್ಣನೆ ಗಾಳಿಯೇನೋ ಸಿಗುತ್ತದೆ. ಆದರೆ ನೀರು ನಿಂತ ದಾರಿಯಲ್ಲಿ ಇಳಿಸುವ ಗಾಡಿಗೆ ಅದು ಬೇಡ. ಗಾಳಿಯ ಹಾಗೆ ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ. ಸಿಲಿಂಡರ್‌ಗೆ ನೀರು ಹೊಕ್ಕರೆ ಪಿಸ್ಟನ್‌ಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಬಹುದು.

ನನಗೆ ಫಿಲ್ಟರ್‌ಗಿಂತ ಹೆಚ್ಚು ಭಯ, ಎಂಜಿನ್‌ಗೆ ಹೋಗುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಸೆನ್ಸರ್‌ನದ್ದು. ಅದರೊಳಗೆ ಕೂದಲಿನಂಥ ಬಿಸಿ ತಂತಿ ಇರುತ್ತದೆ. ಹಾದುಹೋಗುವ ಗಾಳಿ ತಂತಿಯನ್ನು ತಣಿಸುತ್ತದೆ. ಅದನ್ನು ಬಿಸಿಯಾಗಿಡಲು ಎಷ್ಟು ಕರೆಂಟ್ ಬೇಕಾಯಿತು ಅನ್ನುವುದರ ಮೇಲೆ ಇಸಿಯು (ಎಂಜಿನ್‌ನ ಕಂಪ್ಯೂಟರ್) ಗಾಳಿಯ ಲೆಕ್ಕ ಹಾಕುತ್ತದೆ. ಈ ಲೆಕ್ಕ ಹಳೆ ಪೈಪಿನ ಅಳತೆಗೆ ಕೂತಿರುವುದು. ಹೊಸ ಪೈಪ್ ಅಗಲವಾಗಿದ್ದರೆ ಸೆನ್ಸರ್ ಬಳಿ ಗಾಳಿ ನಿಧಾನವಾಗುತ್ತದೆ, ಲೆಕ್ಕ ಕಮ್ಮಿ ಬರುತ್ತದೆ, ಪೆಟ್ರೋಲ್ ಎಂಜಿನ್‌ಗೆ ಇಂಧನ ಸಾಲದಾಗುತ್ತದೆ. ಆಗ ಚೆಕ್ ಎಂಜಿನ್ ಲೈಟ್ ಹತ್ತಿ, ಗಾಳಿಗೆ ತಕ್ಕ ಇಂಧನ ಇಲ್ಲ ಎನ್ನುವ ಪಿ0171 ಕೋಡ್ ಬರುವುದು ಮಾಮೂಲು. ಎಣ್ಣೆ ಹಚ್ಚುವ ಕಾಟನ್ ಫಿಲ್ಟರ್‌ನಲ್ಲೂ ಇದೇ ಕಾಟ. ಎಣ್ಣೆ ಜಾಸ್ತಿಯಾದರೆ ಹಾರಿ ಬಂದು ತಂತಿಗೆ ಅಂಟುತ್ತದೆ.

ಕೆಲಸ ಕಷ್ಟದ್ದಲ್ಲ. ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಸೆನ್ಸರ್ ಪ್ಲಗ್ಗಿನ ಲಾಕ್ ಒತ್ತಿ ತೆಗೆಯಿರಿ, ವೈರ್ ಹಿಡಿದು ಎಳೆಯಬೇಡಿ. ಸೆನ್ಸರ್ ಮೇಲೆ ಬಾಣದ ಗುರುತಿದ್ದರೆ ಅದು ಎಂಜಿನ್ ಕಡೆ ಮುಖ ಮಾಡಿರಬೇಕು. ಕ್ಲ್ಯಾಂಪ್‌ಗಳನ್ನು ಮೊದಲು ಸಡಿಲವಾಗಿ ಹಾಕಿ, ಪೈಪ್ ಎಲ್ಲೂ ತಾಗದ ಹಾಗೆ ಕೂತ ಮೇಲೆ ಬಿಗಿ ಮಾಡಿ. ಒಮ್ಮೆ ನಾನೇ, ಎಂಜಿನ್ ಒಳಗಿನ ಆವಿಯನ್ನು ಸೆನ್ಸರ್ ಆಚೆ ಪೈಪಿಗೆ ತರುವ ಬ್ರೀದರ್ ಹೋಸ್ ಸಿಕ್ಕಿಸುವುದನ್ನು ಮರೆತಿದ್ದೆ. ಐಡ್ಲಿಂಗ್‌ನಲ್ಲಿ ಗಾಡಿ ನಡುಗತೊಡಗಿತು, ನಾನು ಅರ್ಧ ದಿನ ಸುಮ್ನೆ ಸೆನ್ಸರ್ ಮೇಲೆ ಅನುಮಾನಪಟ್ಟೆ! ಸೆನ್ಸರ್ ದಾಟಿದ ಮೇಲೆ ನುಗ್ಗುವ ಗಾಳಿ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಸೆನ್ಸರ್‌ಗೂ ಫಿಲ್ಟರ್‌ಗೂ ನಡುವೆ ಸಂದಿ ಬಿಟ್ಟರೆ ಇನ್ನೊಂದು ತೊಂದರೆ. ಲೆಕ್ಕ ಸರಿ ಇರುತ್ತದೆ, ಆದರೆ ಧೂಳು ನೇರ ಒಳಗೆ ಹೋಗಿ ಸಿಲಿಂಡರ್ ಗೋಡೆ ಗೀರುತ್ತದೆ.

ಟರ್ಬೊ ಡೀಸೆಲ್ ಗಾಡಿಯವರಿಗೆ ಒಂದು ಮಾತು. ಹೇಗೂ ಇಂಟರ್‌ಕೂಲರ್ ಗಾಳಿಯನ್ನು ತಣಿಸುತ್ತದೆ, ಪವರ್ ಹೆಚ್ಚಿಸಲು ಟ್ಯೂನಿಂಗ್ ಮಾಡಿಸದ ಎಂಜಿನ್‌ಗೆ ಹಳೆ ಡಬ್ಬಿಯೇ ಸಾಕು.

ಒಂದೆರಡು ದಿನ ಓಡಿಸಿದ ಮೇಲೆ ಕ್ಲ್ಯಾಂಪ್‌ಗಳನ್ನು ಇನ್ನೊಮ್ಮೆ ನೋಡಿ, ಬಿಸಿಗೆ ಸಡಿಲವಾಗಿರಬಹುದು. ಹಳೆ ಡಬ್ಬಿಯನ್ನು ಮಾತ್ರ ಎಸೆಯಬೇಡಿ. ಸದ್ದು ಸಾಕಾಗಿ ಅದನ್ನೇ ವಾಪಸ್ ಹಾಕಿಸಿಕೊಂಡವರು ನನ್ನ ಬಳಿ ಕಮ್ಮಿ ಇಲ್ಲ.